ಬೇಲಿ ಹಾಕಲಾಗದ ಮಾತು

ಬಾಯಿಗೆ ಬಂದದ್ದನ್ನೆಲ್ಲ ಆಡಬಾರದು ಎಂದು ಹಿರಿಯರು ಹೇಳಿಕೊಟ್ಟಿದ್ದರು. ಬಾಯಿಗೆ ಬರಬೇಕಾದದ್ದೇ ಬಾರದೆ ಹೋದರೆ ಏನು ಮಾಡಬೇಕೆಂದು ಮಾತ್ರ ಯಾರೂ ಹೇಳಿರಲಿಲ್ಲ. ಗದಗಿನ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತಿದ್ದ ಕಸ್ತೂರಿ ಹಂಚಿನಾಳ ಒಂದು ಬೆಳಿಗ್ಗೆ ಕರಿಹಲಗೆಯ ಮೇಲೆ ತ್ರಿಕೋನ ಬರೆದು, ‘ಈ ಎರಡು ಬಾಹುಗಳು ಸಮ ಇದ್ದರೆ’ ಎನ್ನುವವರೆಗೆ ಬಂದು ನಿಂತುಬಿಟ್ಟಳು. ಇದ್ದರೆ ಏನು? ಮಕ್ಕಳು ಅದನ್ನು ಪ್ರಶ್ನೆಯೆಂದೇ ತಿಳಿದು ಕೈ ಎತ್ತಿದರು. ಎತ್ತಿದ ಕೈಗಳನ್ನು ಆಕೆ ನೋಡುತ್ತಲೇ ಇದ್ದಳು. ಸ್ವಲ್ಪ ಹೊತ್ತಾದ ಮೇಲೆ ಕೈಗಳು ಒಂದೊಂದಾಗಿ ಇಳಿದವು.

ಅದು ಮೊದಲನೆಯ ಸಲವೇನಲ್ಲ. ಹೆಡ್‌ಮಾಸ್ತರರು ಒಳ್ಳೆಯವರು. ‘ಸ್ವಲ್ಪ ದಿನ ಆಫೀಸಿನ್ಯಾಗ ಕುಂದರ್ರಿ ಅಕ್ಕಾರ, ಆರಾಮಾಗ್ತೈತಿ’ ಎಂದರು. ಒಳ್ಳೆಯವರು ಮೆತ್ತಗೆ ಹೇಳಿದ ಮಾತಿಗೆ ಎದುರಾಡುವುದು ಕಷ್ಟ. ಕಸ್ತೂರಿ ಆಫೀಸಿನಲ್ಲಿ ಕುಳಿತು ಬಿಸಿಯೂಟದ ಬೇಳೆ ಎಷ್ಟು ಬಂತು ಎಂದು ನೋಡತೊಡಗಿದಳು. ಪಕ್ಕದ ಕೋಣೆಯಿಂದ ಬೇರೊಬ್ಬರು ತನ್ನ ತರಗತಿಗೆ ತಪ್ಪು ತಪ್ಪಾಗಿ ಪ್ರಮೇಯ ಹೇಳುವುದು ಕೇಳಿಸುತ್ತಿತ್ತು. ಆಕೆಗೆ ಅಳು ಬರುತ್ತಿತ್ತು.

ನಾಲ್ಕು ವರ್ಷದ ಹಿಂದೆ ಆಕೆಯ ಎಡ ಸ್ತನದಲ್ಲಿ ಗಂಟು ಸಿಕ್ಕಿತ್ತು. ಆಪರೇಷನ್ ಆಯಿತು, ಕೀಮೊ ಆಯಿತು, ಕೂದಲು ಹೋಗಿ ಕೂದಲು ಬಂತು. ನೀವು ಗೆದ್ದಿರಿ ಎಂದು ಆಸ್ಪತ್ರೆಯವರು ಹೂಗುಚ್ಛ ಕೊಟ್ಟು ಕಳಿಸಿದರು. ಆ ಹೊತ್ತಿಗೆ ಈ ರೋಗದಿಂದ ಸಾಯುವವರು ಬಹಳ ಕಡಿಮೆಯಾಗಿದ್ದರು, ಬದುಕಿ ಉಳಿದವರು ಊರೂರಿಗೂ ಇದ್ದರು. ಉಳಿದವರಲ್ಲಿ ಹಲವರು ಹೇಳುವುದು ಒಂದೇ ಮಾತಾಗಿತ್ತು. ಅಡಿಗೆಮನೆಗೆ ಹೋದರೆ ಯಾಕೆ ಬಂದೆ ಎಂದು ತಿಳಿಯುವುದಿಲ್ಲ. ಇಬ್ಬರು ಒಟ್ಟಿಗೆ ಮಾತಾಡಿದರೆ ಒಬ್ಬರ ಮಾತೂ ಹಿಡಿಯಲಾಗುವುದಿಲ್ಲ. ಸಾಣಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ಅದರ ಹೆಸರಿಗಾಗಿ ತಡಕಾಡಬೇಕು. ಡಾಕ್ಟರರ ಪರೀಕ್ಷೆಯಲ್ಲಿ ಇದು ಸಿಕ್ಕಿಬೀಳುತ್ತಿರಲಿಲ್ಲ. ನೂರರಿಂದ ಏಳೇಳು ಕಳೆಯುತ್ತ ಬನ್ನಿ ಎಂದರೆ ಗಣಿತದ ಟೀಚರು ಕಳೆಯದೆ ಇರುತ್ತಾಳೆಯೆ? ಎಲ್ಲ ಸರಿಯಾಗಿದೆ ಎಂದು ರಿಪೋರ್ಟು ಬರುತ್ತಿತ್ತು. ಜೊತೆಯ ಟೀಚರುಗಳು ‘ನಮಗೂ ಮರೀತೈತ್ರಿ, ವಯಸ್ಸಾತಲ್ಲ’ ಎನ್ನುತ್ತಿದ್ದರು. ಸಮಾಧಾನದ ಮಾತುಗಳಲ್ಲಿ ಇದಕ್ಕಿಂತ ಉರಿಸುವ ಮಾತು ಇನ್ನೊಂದಿಲ್ಲ.

ಹೀಗಿರುವಾಗ ಧಾರವಾಡದ ಹೊರಗಿನ ಒಂದು ಸಂಶೋಧನಾ ಕೇಂದ್ರ ಇಂಥ ಹೆಂಗಸರನ್ನು ಪ್ರಯೋಗಕ್ಕೆ ಕರೆಯಿತು. ಅಲ್ಲಿನ ಡಾಕ್ಟರ್ ಮೆಲ್ವಿನ್ ಲೋಬೊ ಮಂಗಳೂರಿನ ಕಡೆಯವನು, ಕನ್ನಡಕ ಹಣೆಯ ಮೇಲೆ ಇಟ್ಟುಕೊಂಡು ಕನ್ನಡಕ ಹುಡುಕುವ ಜಾತಿ.

‘ನಿಮ್ಮ ಮಾತು ಎಲ್ಲಿಗೂ ಹೋಗ್ಲಿಲ್ಲ ಮೇಡಂ. ಇದ್ದಲ್ಲೇ ಉಂಟು,’ ಎಂದ. ‘ಕೀಮೊ ಮದ್ದು ಗಂಟನ್ನು ಕೊಂದಿತಲ್ಲ, ಅದರ ಜೊತೆಗೆ ಮಿದುಳಿನ ನರಗಳ ಮೇಲಿನ ಹೊದಿಕೆಯನ್ನೂ ಅಲ್ಲಲ್ಲಿ ಕಿತ್ತು ಹಾಕಿದೆ. ರಸ್ತೆ ಉಂಟು, ಡಾಂಬರು ಹೋಗಿದೆ. ಮಾತು ಹೊರಡ್ತದೆ, ಬಂದು ಮುಟ್ಟುವಾಗ ತಡ ಆಗ್ತದೆ.’

‘ಮತ್ತ ನಮ್ಮ ಡಾಕ್ಟ್ರು ಎಲ್ಲಾ ಚಲೋ ಐತಿ ಅಂತಾರಲ್ರಿ?’

‘ಅವರು ಊರಿಗೆ ರಸ್ತೆ ಉಂಟಾ ಅಂತ ಮಾತ್ರ ನೋಡ್ತಾರೆ. ಬಸ್ಸು ಎಷ್ಟು ಹೊತ್ತಿಗೆ ಬರ್ತದೆ ಅಂತ ನೋಡೋದಿಲ್ಲ.’

ಯಾರಾದರೂ ತನ್ನ ಮಾತು ನಂಬಿದ್ದು ಅದೇ ಮೊದಲು. ಕಸ್ತೂರಿ ಅಲ್ಲಿಯೇ ಒಪ್ಪಿಗೆಯ ಸಹಿ ಹಾಕಿದಳು. ಕಿವಿಯ ಹಿಂದೆ ಚರ್ಮದ ಕೆಳಗೆ ಅಕ್ಕಿಕಾಳಿನಷ್ಟು ದೊಡ್ಡ ಒಂದು ಯಂತ್ರ ಕೂಡಿಸಿದರು. ಅದಕ್ಕೆ ಉದ್ದನೆಯ ಇಂಗ್ಲಿಷ್ ಹೆಸರಿತ್ತು. ಹೆಂಗಸರೆಲ್ಲ ಕಾಳು ಎಂದೇ ಕರೆದರು. ಅದರ ಕೆಲಸ ಇಷ್ಟೇ. ಮಾತು ನಾಲಗೆಗೆ ಬರುವ ಮೊದಲು ಮಿದುಳಿನಲ್ಲಿ ಸಿದ್ಧವಾಗುತ್ತದೆ. ಸಿದ್ಧವಾದದ್ದು ಹೊರಗೆ ಬಾರದೆ ನಿಂತರೆ ಕಾಳಿಗೆ ಗೊತ್ತಾಗುತ್ತದೆ, ಅದು ಹಿಂದಿನಿಂದ ಒಂದು ನೂಕು ಕೊಡುತ್ತದೆ. ಮಾತು ಹೊರಗೆ ಬೀಳುತ್ತದೆ. ನೂಕಿದಾಗಲೆಲ್ಲ ಧಾರವಾಡದ ನಿಗಾ ಕೋಣೆಯ ಗೋಡೆಯ ಮೇಲೆ, ಆ ಹೆಂಗಸಿನ ಹೆಸರಿನ ಗೆರೆಯಲ್ಲಿ ಒಂದು ಸಣ್ಣ ದಿಬ್ಬ ಏಳುತ್ತದೆ. ಪ್ರಯೋಗ ಮುಗಿಯುವವರೆಗೆ ಕಾಳನ್ನು ಬಂದ್ ಮಾಡುವಂತಿಲ್ಲ. ಬೇಡ ಎಂದವರ ಕಾಳು ತೆಗೆಯುತ್ತಾರೆ, ಒಮ್ಮೆ ತೆಗೆದರೆ ಮತ್ತೆ ಹಾಕುವುದಿಲ್ಲ.

ಕಸ್ತೂರಿ ಮತ್ತೆ ತರಗತಿಗೆ ಹೋದಳು. ‘ಎರಡು ಬಾಹುಗಳು ಸಮ ಇದ್ದರೆ’ ಎಂದಳು. ಮಾತು ಒಮ್ಮೆ ತಡೆಯಿತು. ಮರುಕ್ಷಣ ‘ಅವುಗಳ ಎದುರಿನ ಕೋನಗಳೂ ಸಮ’ ಎಂದು ನಾಲಗೆ ತಾನಾಗಿ ನುಡಿಯಿತು. ಆ ದಿನ ಗಂಟೆ ಬಾರಿಸಿದರೂ ಆಕೆ ಪಾಠ ನಿಲ್ಲಿಸಲಿಲ್ಲ. ಹಿಂದಿನ ಬೆಂಚಿನವರು ಶಾಪ ಹಾಕಿದರು. ಹೆಡ್‌ಮಾಸ್ತರರು ಬಾಗಿಲಲ್ಲಿ ನಿಂತು ಕೇಳಿ, ದಸರಾ ರಜೆಯವರೆಗೆ ನೋಡೋಣ, ಹೀಗೇ ನಡೆದರೆ ತರಗತಿ ನಿಮ್ಮದೇ ಎಂದರು.

ಮನೆಯಲ್ಲಿಯೂ ಕೆಲವು ದಿನ ಹಬ್ಬವೇ. ಗಂಡ ಗುರುಪಾದಪ್ಪ ಅಂಚೆ ಕಚೇರಿಯಿಂದ ಬಂದು, ಇವತ್ತು ಏನೇನು ನೆನಪಾಯಿತು ಎಂದು ಕೇಳುವನು. ಆಕೆ ಹೇಳುವಳು. ಅತ್ತೆ ಮೂಗು ಮುರಿದು, ‘ಅಕ್ಕಿಕಾಳು ಹೊಟ್ಟಿಗೆ ಹಾಕ್ಕೊಂತಾರ, ಕಿವಿಗೆ ಹಾಕ್ಕೊಂಡದ್ದು ಇಕೀನ ಮೊದಲು’ ಎನ್ನುವಳು. ಸಾರಿಗೆ ಉಪ್ಪು ಎರಡು ಸಲ ಬೀಳುವುದು ನಿಂತದ್ದಕ್ಕೆ ಒಳಗೊಳಗೇ ಖುಷಿಪಟ್ಟವಳೂ ಆಕೆಯೇ.

ಒಂದು ದಿನ ಸಂಜೆ ಮಾವನ ಕಡೆಯ ಹಿರಿಯರೊಬ್ಬರು ಬಂದರು. ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದರು. ಕಸ್ತೂರಿ ಎಂದಿನಂತೆ ‘ನಮ್ಮನಿಯವ್ರು ಜಳಕಕ್ಕ ಹೋಗ್ಯಾರ್ರಿ’ ಎನ್ನಬೇಕಾಗಿತ್ತು. ಬಾಯಿಂದ ಬಂದದ್ದು ‘ಗುರುಪಾದಪ್ಪ ಜಳಕಕ್ಕ ಹೋಗ್ಯಾರ್ರಿ’ ಎಂದು. ಮದುವೆಯ ದಿನ ಎಲ್ಲರೂ ಕಾಡಿ ಒಡಪು ಹೇಳಿಸಿದಾಗ ಆ ಹೆಸರು ಹೇಳಿದ್ದು ಬಿಟ್ಟರೆ, ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಅದನ್ನು ಆಕೆ ನುಡಿದಿರಲಿಲ್ಲ. ಹಿರಿಯರು ಚಹಾ ಕುಡಿಯದೆ ಎದ್ದರು. ಅತ್ತೆ ಎರಡು ದಿನ ಮಾತು ಬಿಟ್ಟಳು. ಬಚ್ಚಲಿನಲ್ಲಿದ್ದ ಗುರುಪಾದಪ್ಪನಿಗೆ ಮಾತ್ರ ತನ್ನ ಹೆಸರು ಹೆಂಡತಿಯ ದನಿಯಲ್ಲಿ ಕೇಳಿ ಮೈ ಜುಮ್ಮೆಂದಿತ್ತು. ಅದನ್ನು ಅವನು ಯಾರಿಗೂ ಹೇಳಲಿಲ್ಲ.

ಆಮೇಲೆ ಹಿತ್ತಲಲ್ಲಿ ದೀಪ ಹಚ್ಚುವ ಹೊತ್ತಿಗೆ ಏನೋ ಸರಿದುಹೋಯಿತು. ‘ಹುಳ’ ಎನ್ನುವ ಬದಲು ಆಕೆ ‘ಹಾವು’ ಎಂದು ಕೂಗಿದಳು. ಬಾಗಿಲಲ್ಲಿ ನಿಂತು ಬರುತ್ತೇನೆ ಎನ್ನುವ ಬದಲು ಹೋಗುತ್ತೇನೆ ಎಂದಳು. ಖಾಲಿ ಡಬ್ಬಿ ನೋಡಿ, ವಾಡಿಕೆಯಂತೆ ಅಕ್ಕಿ ತುಂಬಿದೆ ಎನ್ನುವ ಬದಲು ಅಕ್ಕಿ ಮುಗಿದಿದೆ ಎಂದಳು. ಕಾಳಿಗೆ ಮರೆತ ಮಾತೂ ಒಂದೇ, ಮುಚ್ಚಿಟ್ಟ ಮಾತೂ ಒಂದೇ ಎಂದು ಆಗ ಆಕೆಗೆ ಅರ್ಥವಾಯಿತು. ಎರಡೂ ಸಿದ್ಧವಾಗಿ ನಿಂತ ಮಾತುಗಳೇ. ನಿಂತದ್ದನ್ನು ಅದು ನೂಕುತ್ತದೆ.

ಅರ್ಥವಾದ ಕೂಡಲೇ ಆಕೆಗೆ ಹೆದರಿಕೆಯಾಯಿತು. ಗಂಡನ ಹೆಸರಿಗೆ ಅಲ್ಲ, ಹಾವಿಗೂ ಅಲ್ಲ. ಆಕೆ ಮುಚ್ಚಿಟ್ಟ ಮಾತು ಇನ್ನೊಂದಿತ್ತು. ಅದು ತಂಗಿ ನೀಲಾಳಿಗೆ ಸೇರಿದ್ದು.

ನೀಲಾ ಬೇರೆ ಜಾತಿಯ ಹುಡುಗನನ್ನು ಮದುವೆಯಾದ ದಿನದಿಂದ ಅವ್ವ ಅವಳ ಹೆಸರೆತ್ತಿರಲಿಲ್ಲ. ಕಸ್ತೂರಿಗೆ ಕೀಮೊ ನಡೆದಿದ್ದಾಗ ಅವ್ವ ಒಂದು ದಿನ ಒಬ್ಬಳೇ ಹುಬ್ಬಳ್ಳಿಯ ಆಸ್ಪತ್ರೆಗೆ ಬಂದು, ಔಷಧ ಹನಿ ಹನಿಯಾಗಿ ಇಳಿದು ಮುಗಿಯುವವರೆಗೂ ಮಂಚದ ಪಕ್ಕದಲ್ಲಿ ಕುಳಿತಿದ್ದಳು. ಬಹಳ ಮಾತಾಡಿದಳಂತೆ. ನರ್ಸು ಆಮೇಲೆ ಹೇಳಿದ್ದು ಅದು. ಅದೇ ವಾರ ಅವ್ವ ಮಲಗಿದಲ್ಲೇ ಹೋದಳು. ಆ ದಿನದ ನೆನಪೆಂದು ಕಸ್ತೂರಿಯ ಪಾಲಿಗೆ ಉಳಿದದ್ದು ಆಸ್ಪತ್ರೆಯ ಹಸಿರು ಪರದೆ ಮತ್ತು ಅವ್ವನ ಸೆರಗಿನ ಅಂಚು, ಅಷ್ಟೇ. ಮಾತು ಒಂದೂ ಉಳಿದಿರಲಿಲ್ಲ. ಹೆಣದ ಮುಂದೆ ನೀಲಾ ಅಕ್ಕನ ಕೈ ಹಿಡಿದು, ‘ಅಕ್ಕಾ, ನನ್ನ ಸುದ್ದಿ ಏನರ ತಗದಿದ್ಲೇನ ಅವ್ವ?’ ಎಂದು ಕೇಳಿದಳು. ನೆನಪಿಲ್ಲ ಎನ್ನಲು ಯಾವ ಅಕ್ಕನಿಗೆ ಬಾಯಿ ಬಂದೀತು? ‘ಹೂಂ, ತಗದಿದ್ಲು. ಪಂಚಮಿಗೆ ಅಕಿನ್ನ ಕರಿಯೂಣು ಅಂದ್ಲು’ ಎಂದುಬಿಟ್ಟಳು.

ಆ ಒಂದು ಸುಳ್ಳಿನ ಮೇಲೆ ನೀಲಾ ಜೀವ ಹಿಡಿದುಕೊಂಡಳು. ಅಂದಿನಿಂದ ಪ್ರತಿ ಪಂಚಮಿಗೆ ಅಕ್ಕನ ಮನೆಯೇ ಅವಳಿಗೆ ತವರಾಯಿತು. ಬಂದು ಉಂಡಿ ತಿಂದು, ಅವ್ವ ಏನಂದಳು ಇನ್ನೊಮ್ಮೆ ಹೇಳು ಎನ್ನುವಳು. ಕಸ್ತೂರಿ ಹೇಳುವಳು. ಹೇಳುವ ಮೊದಲು ಆಕೆಯ ಗಂಟಲಲ್ಲಿ ಪ್ರತಿ ಸಲವೂ ‘ನೆನಪಿಲ್ಲ’ ಎಂಬ ಮಾತು ಬಂದು ನಿಂತಿರುತ್ತಿತ್ತು. ಆಕೆ ಅದನ್ನು ನುಂಗುವಳು. ಈಗ ನುಂಗುವ ಹಾಗಿರಲಿಲ್ಲ.

ಪಂಚಮಿ ಹತ್ತಿರ ಬಂದಿತ್ತು. ನೀಲಾಳ ಫೋನೂ ಬಂತು.

‘ಅಕ್ಕಾ, ನಾಗಪ್ಪಗ ಹಾಲು ಎರಿಯೂ ದಿನಾನ ಬರ್ತೀನಿ. ಉಂಡಿ ನಾನೂ ಕಟ್ಕೊಂಡ ಬರ್ತೀನಿ. ಅವ್ವ ಏನಂದ್ಲು ಅಂತ—’

ಕಸ್ತೂರಿಯ ನಾಲಗೆ ಏಳುತ್ತಿತ್ತು. ಆಕೆ ಫೋನನ್ನು ಗಂಡನ ಕೈಗೆ ತುರುಕಿ ಹಿತ್ತಲಿಗೆ ಓಡಿದಳು.

ಮರುದಿನವೇ ಧಾರವಾಡಕ್ಕೆ ಹೋದಳು. ಮೆಲ್ವಿನ್ ಆಕೆಯನ್ನು ನಿಗಾ ಕೋಣೆಗೆ ಕರೆದೊಯ್ದ. ಗೋಡೆಯ ತುಂಬ ಗೆರೆಗಳು, ಗದಗ, ಕೊಪ್ಪಳ, ಬಾಗಲಕೋಟೆಯ ಹೆಂಗಸರು. ಹಗಲಿನ ದಿಬ್ಬಗಳು ಚಿಕ್ಕವು, ಅಲ್ಲೊಂದು ಇಲ್ಲೊಂದು. ಸಂಜೆಯಾಗುತ್ತಲೇ ಎಲ್ಲ ಗೆರೆಗಳಲ್ಲೂ ದಿಬ್ಬಗಳು ಸಾಲುಗಟ್ಟಿ ಎದ್ದಿದ್ದವು.

‘ಇದಕ್ಕೆ ನಾವು ಸಂಜೆಯ ದಣಿವು ಅಂತ ಹೆಸರು ಕೊಟ್ಟಿದ್ದೇವೆ,’ ಎಂದ ಮೆಲ್ವಿನ್. ‘ಸಂಜೆ ಹೊತ್ತಿಗೆ ಮಿದುಳು ಬಳಲ್ತದೆ, ಮಾತು ಸಿಗೋದಿಲ್ಲ ಅಂತ. ಅದಕ್ಕೆ ಸಂಜೆ ಕಾಳಿನ ಶಕ್ತಿ ಜಾಸ್ತಿ ಮಾಡಿದ್ದೇವೆ. ಒಂದು ಪ್ರಬಂಧವೂ ಕಳಿಸಿ ಆಯ್ತು.’

‘ದಣಿವಲ್ರೀ ಸರ. ದೀಪ ಹಚ್ಚೂ ಹೊತ್ತಿನ್ಯಾಗ ನಾವು ಕೆಲವು ಮಾತು ಆಡಂಗಿಲ್ಲ. ಹುಳದ ಹೆಸರು ತಗಿಯಂಗಿಲ್ಲ, ಮುಗೀತು ಅನ್ನಂಗಿಲ್ಲ. ಗಂಡಸರು ಮನಿಗೆ ಬರೂ ಹೊತ್ತೂ ಅದ. ಅವರ ಹೆಸರೂ ಹೇಳಂಗಿಲ್ಲ.’

ಮೆಲ್ವಿನ್ ಹಣೆಯ ಮೇಲಿನ ಕನ್ನಡಕವನ್ನು ಕಣ್ಣಿಗೆ ಇಳಿಸಿ ಗೋಡೆಯನ್ನು ಬಹಳ ಹೊತ್ತು ನೋಡಿದ.

‘ನನ್ನ ಅಜ್ಜಿಯೂ ಹೀಗೇ ಇದ್ರು ಮಾರಾಯ್ರೆ. ರಾತ್ರಿ ಹಾವು ಅಂದ್ರೆ ಬಾಯಿಗೆ ಒಂದು ಕೊಡ್ತಿದ್ರು. ನನಗೆ ತಲೆಗೇ ಹೋಗ್ಲಿಲ್ಲ ನೋಡಿ.’ ಪ್ರಬಂಧ ವಾಪಸು ತರಿಸಬೇಕು ಎಂದು ತನ್ನಷ್ಟಕ್ಕೆ ಗೊಣಗಿದ. ಆಮೇಲೆ ಅವನಿಗೆ ಹುರುಪು ಬಂತು. ‘ಉಪಾಯ ಉಂಟು. ಬೇಲಿ ಹಾಕುವ. ನೀವು ಹೇಳಬಾರದ ಮಾತುಗಳನ್ನು ಇಲ್ಲಿ ಮೈಕಿನ ಮುಂದೆ ಒಂದೊಂದಾಗಿ ಹೇಳಿ. ಆ ಮಾತು ಮಿದುಳಿನಲ್ಲಿ ಹೇಗೆ ಕಾಣ್ತದೆ ಅಂತ ಕಾಳು ಕಲಿತುಕೊಳ್ತದೆ. ಮತ್ತೆ ಅದನ್ನು ಮುಟ್ಟೋದಿಲ್ಲ.’

ಆಡಬಾರದ ಮಾತನ್ನು ಆಡದಿರಬೇಕಾದರೆ ಮೊದಲು ಅದನ್ನು ಆಡಬೇಕು. ವಿಜ್ಞಾನಕ್ಕೆ ಇದರಲ್ಲಿ ನಗು ಕಾಣುವುದಿಲ್ಲ. ಗಾಜಿನ ಸಣ್ಣ ಕೋಣೆಯಲ್ಲಿ ಕುಳಿತು ಕಸ್ತೂರಿ, ಒಳ್ಳೆಯ ಮನೆತನದ ಹೆಣ್ಣುಮಕ್ಕಳು ಜನ್ಮದಲ್ಲಿ ಒಟ್ಟಿಗೆ ಹೇಳದಷ್ಟು ಮಾತನ್ನು ಹೇಳಿದಳು. ಗಂಡನ ಹೆಸರು, ಮಾವನ ಹೆಸರು. ಹಾವು. ಮುಗಿಯಿತು. ಒಡೆಯಿತು. ಆರಿತು. ಸತ್ತರು. ಪ್ರತಿ ಮಾತಿಗೂ ಎದೆಯ ಮೇಲಿನ ತಾಳಿಯನ್ನು ಕಣ್ಣಿಗೆ ಒತ್ತಿಕೊಂಡಳು. ಗಾಜಿನ ಆಚೆ ಮೆಲ್ವಿನ್ ಹೆಬ್ಬೆರಳು ತೋರಿಸುತ್ತ ಕುಳಿತಿದ್ದ.

‘ಇನ್ನೆಂತ ಉಂಟಾ?’

‘ಇನ್ನೊಂದೈತ್ರಿ. ನೆನಪಿಲ್ಲ ಅನ್ನೂದು.’

ಮೆಲ್ವಿನ್‌ನ ಹೆಬ್ಬೆರಳು ಕೆಳಗೆ ಇಳಿಯಿತು. ಅವನು ಬಾಗಿಲು ತೆರೆದು ಒಳಗೆ ಬಂದು ಎದುರು ಕುಳಿತ.

‘ಅದಕ್ಕೆ ಬೇಲಿ ಹಾಕ್ಲಿಕ್ಕೆ ಆಗೋದಿಲ್ಲ ಮೇಡಂ. ಮಾತು ಸಿಗದೆ ಹುಡುಕುವಾಗ ಮಿದುಳಿನಲ್ಲಿ ಮೊದಲು ಹುಟ್ಟುವ ಗುರುತೇ ಅದು, ನೆನಪಿಲ್ಲ ಅನ್ನೋದು. ಆ ಗುರುತು ಕಂಡ ಮೇಲೆಯೇ ಕಾಳು ಎದ್ದು ಕೂರೋದು. ಅದನ್ನು ಮುಟ್ಟಬೇಡ ಅಂದ್ರೆ ಕಾಳು ಏಳೋದೇ ಇಲ್ಲ. ನಿಮ್ಮ ತ್ರಿಕೋನಕ್ಕೂ ಏಳೋದಿಲ್ಲ.’

‘ಒಂದೆರಡು ದಿನ ಬಂದ್ ಮಾಡಾಕ ಬರಂಗಿಲ್ಲೇನ್ರಿ? ಹಬ್ಬ ಮುಗಿಯೂತನಾ?’

‘ಬಂದ್ ಮಾಡಿದ್ರೆ ನೀವು ಪ್ರಯೋಗದಿಂದ ಹೊರಗೆ. ನಿಯಮ ನಾನು ಮಾಡಿದ್ದಲ್ಲ.’ ಯಾಕೆ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಕಾಳು ಹೇಳಿಸಿಬಿಡುತ್ತಿತ್ತು. ಅಷ್ಟರ ಮಟ್ಟಿಗೆ ಅವನು ಸಜ್ಜನ.

ಗದಗಿಗೆ ಬಸ್ಸಿನಲ್ಲಿ ಬರುತ್ತ ಕಸ್ತೂರಿ ತೂಗಿ ನೋಡಿದಳು. ಒಂದು ಕಡೆ ತರಗತಿ, ಇನ್ನೊಂದು ಕಡೆ ತಂಗಿ. ಕಾಳು ತೆಗೆಸಿದರೆ ಮತ್ತೆ ಬಿಸಿಯೂಟದ ಬೇಳೆ, ಮತ್ತೆ ಎತ್ತಿದ ಕೈಗಳನ್ನು ನೋಡುತ್ತ ನಿಲ್ಲುವುದು. ಇಟ್ಟುಕೊಂಡರೆ ನೀಲಾಳಿಗೆ ಅವ್ವ ಎರಡನೆಯ ಸಲ ಸಾಯುತ್ತಾಳೆ. ತಂಗಿಗಾಗಿ ಪ್ರಾಣ ಕೊಡುವ ಅಕ್ಕಂದಿರ ಹಾಡುಗಳನ್ನು ಆಕೆ ಬೇಕಾದಷ್ಟು ಕೇಳಿದ್ದಳು. ತರಗತಿ ಕೊಡುವ ಅಕ್ಕಂದಿರ ಹಾಡು ಯಾವುದೂ ಇರಲಿಲ್ಲ. ಅಣ್ಣಿಗೇರಿ ದಾಟುವ ಹೊತ್ತಿಗೆ ಆಕೆ ಕಾಳು ಇಟ್ಟುಕೊಳ್ಳುವುದೆಂದು ನಿರ್ಧರಿಸಿದಳು. ನೀಲಾಳ ಜೊತೆ ಒಬ್ಬಳೇ ಕೂರದಿದ್ದರೆ ಆಯಿತು. ಹಬ್ಬದ ಮನೆ, ಜನ ಇರುತ್ತಾರೆ, ಹೇಗೋ ಒಂದು ದಿನ ಕಳೆದುಹೋಗುತ್ತದೆ. ತನ್ನ ಆಸೆಬುರುಕತನಕ್ಕೆ ಆಕೆಗೆ ನಾಚಿಕೆಯಾಯಿತು. ನಿರ್ಧಾರ ಮಾತ್ರ ಬದಲಾಗಲಿಲ್ಲ.

ಹಬ್ಬದ ದಿನ ಓಣಿಯವರನ್ನೆಲ್ಲ ಮನೆಗೆ ಕರೆದಿದ್ದಳು. ನೀಲಾ ಬಂದಾಗ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನೀಲಾ ಅಡಿಗೆಮನೆಗೆ ಬಂದರೆ ಕಸ್ತೂರಿ ಪಡಸಾಲೆಗೆ ಹೋದಳು. ಪಡಸಾಲೆಗೆ ಬಂದರೆ ಹಿತ್ತಲಿಗೆ ಹೋದಳು. ಶೇಂಗಾ ಉಂಡಿಯೊಂದನ್ನು ಬಾಯಲ್ಲಿ ತುಂಬಿಕೊಂಡೇ ಓಡಾಡಿದಳು, ತುಂಬಿದ ಬಾಯಿಗೆ ಮಾತಾಡುವ ತಾಪತ್ರಯವಿಲ್ಲ ಎಂದು.

ಅತ್ತೆಗೆ ಇದೆಲ್ಲ ಗೊತ್ತಿರಲಿಲ್ಲ. ದೇವರ ಕೋಣೆಯಲ್ಲಿ ಮಣ್ಣಿನ ನಾಗಪ್ಪನ ಮುಂದೆ ಹಾಲಿನ ಬಟ್ಟಲಿಟ್ಟು, ‘ಅಕ್ಕ ತಂಗಿ ಕೂಡೇ ಎರೀರಿ. ಉಳಿದವರು ಆಮ್ಯಾಲ ಬರ್ರಿ, ಗದ್ದಲ ಬ್ಯಾಡ’ ಎಂದು ಇಬ್ಬರನ್ನೂ ಒಳಗೆ ಬಿಟ್ಟು ಬಾಗಿಲು ಮುಂದೆ ಮಾಡಿದಳು.

ನೀಲಾ ಒಣಕೊಬ್ಬರಿಯ ತುಂಡನ್ನು ಹಾಲಲ್ಲಿ ಅದ್ದಿ ನಾಗಪ್ಪನ ಹೆಡೆಗೆ ಬಿಡತೊಡಗಿದಳು. ‘ದೇವರ ಪಾಲು. ಗುರುವಿನ ಪಾಲು. ಅಪ್ಪನ ಪಾಲು.’ ಒಬ್ಬೊಬ್ಬರ ಹೆಸರಿಗೂ ಒಂದೊಂದು ಹನಿ. ‘ಅವ್ವನ ಪಾಲು’ ಎನ್ನುವಾಗ ಅವಳ ಕೈ ನಿಂತಿತು.

‘ಅಕ್ಕಾ, ಮುಂಜಾನಿಂದ ಕೈಗೆ ಸಿಗವಲ್ಲಿ. ಅವ್ವ ಅವತ್ತ ಆಸ್ಪತ್ರ್ಯಾಗ ಏನಂದ್ಲು, ಹೇಳ.’

ಕಸ್ತೂರಿ ಉಂಡಿಯನ್ನು ಆಗಲೇ ನುಂಗಿದ್ದಳು. ಪಂಚಮಿಗೆ ಕರಿಯೂಣು ಅಂದ್ಲು ಎಂದು ಹೇಳಲು ಬಾಯಿ ತೆರೆದಳು. ಗಂಟಲಲ್ಲಿ ಆ ಇನ್ನೊಂದು ಮಾತು ಎಂದಿನಂತೆ ಬಂದು ನಿಂತಿತು. ಆಕೆ ಹಲ್ಲು ಕಚ್ಚಿದಳು. ಕಿವಿಯ ಹಿಂದೆ ಕಾಳು ನೂಕಿತು.

‘ನೆನಪಿಲ್ಲ.’

ಒಮ್ಮೆ ಬಾಗಿಲು ತೆರೆದ ಮೇಲೆ ಉಳಿದದ್ದೂ ಬಂತು. ‘ಏನೂ ನೆನಪಿಲ್ಲ ನೀಲಾ. ಅವ್ವನ ಸೆರಗು ಒಂದ ನೆನಪೈತಿ. ನಿನ್ನ ಹೆಸರು ತಗದ್ಲೋ ಇಲ್ಲೋ ನಂಗ ಗೊತ್ತಿಲ್ಲ. ನಾ ಸುಳ್ಳು ಹೇಳೀನಿ.’

ನೀಲಾ ಕೊಬ್ಬರಿಯ ತುಂಡನ್ನು ಬಟ್ಟಲಲ್ಲಿ ಇಟ್ಟಳು. ಅಳಲಿಲ್ಲ. ಅಕ್ಕನ ಮುಖ ನೋಡಿದಳು.

‘ಗೊತ್ತೈತಿ,’ ಎಂದಳು.

‘ಹೆಂಗ?’

‘ಮೊದಲನೇ ವರ್ಷ, ಪಂಚಮಿಗೆ ಕರಿಯೂಣು ಅಂತ ಅವ್ವ ಅತ್ಲು ಅಂದಿ. ಮರುವರ್ಷ ಕೇಳಿದರ, ನಕ್ಕೊಂತ ನಕ್ಕೊಂತ ಅಂದ್ಲು ಅಂದಿ. ಅದರ ಮರುವರ್ಷ, ನನ್ನ ಗಂಡ ಚಲೋ ಹುಡುಗ ಅಂದ್ಲು ಅಂದಿ. ಹ್ವಾದ ವರ್ಷ, ನನ್ನ ಮಗಳಿಗೆ ಬೆಳ್ಳಿ ಗೆಜ್ಜಿ ಮಾಡಸ್ತೀನಿ ಅಂದ್ಲು ಅಂದಿ. ಅವ್ವ ಹೋಗೂ ಮುಂದ ನನ್ನ ಮಗಳು ಹುಟ್ಟೇ ಇರ್ಲಿಲ್ಲ ಅಕ್ಕಾ.’

ತಾನು ಒಂದೇ ಸುಳ್ಳನ್ನು ಪ್ರತಿ ವರ್ಷ ಹೇಳುತ್ತ ಬಂದಿದ್ದೇನೆ ಎಂದು ಕಸ್ತೂರಿ ತಿಳಿದಿದ್ದಳು. ಯಾವ ಸುಳ್ಳು ಹೇಳಿದ್ದೆ ಎಂಬುದೂ ಆಕೆಗೆ ಮರೆತುಹೋಗುತ್ತಿತ್ತು. ಪ್ರತಿ ಸಲವೂ ಹೊಸದೊಂದು ಹುಟ್ಟಿಸಿ, ಅದನ್ನೇ ಹಳೆಯದೆಂದು ನಂಬಿ ಕೂತಿದ್ದಳು. ಸುಳ್ಳು ಹೇಳಲಿಕ್ಕೂ ನೆನಪು ಬೇಕು. ಕೀಮೊ ಅದನ್ನೂ ಬಿಟ್ಟಿರಲಿಲ್ಲ.

‘ಗೊತ್ತಿದ್ರೂ ಯಾಕ ಕೇಳ್ತಿದ್ದಿ?’

‘ಬದುಕಿದ್ದಾಗ ಅವ್ವ ನನ್ನ ಕೂಡ ಒಂದ ಮಾತು ಆಡ್ಲಿಲ್ಲ,’ ಎಂದಳು ನೀಲಾ. ‘ಸತ್ತ ಮ್ಯಾಲೆ ವರ್ಷಕ್ಕೊಂದು ಆಡ್ತಿದ್ಲು. ನಾ ಅದಕ್ಕ ದಾರಿ ಕಾಯ್ತಿದ್ದೆ.’

ಹೊರಗೆ ಹೆಂಗಸರು ಜೋಕಾಲಿಗಾಗಿ ಜಗಳಾಡುತ್ತಿದ್ದರು. ಕಸ್ತೂರಿಗೆ ಎದೆಯೊಳಗೆ ನಾಲ್ಕು ವರ್ಷದಿಂದ ಹೊತ್ತಿದ್ದದ್ದು ಇಳಿದ ಹಾಗಾಯಿತು, ಜೊತೆಗೆ ತಂಗಿಯ ಕೈಯಿಂದ ಏನನ್ನೋ ಕಿತ್ತುಕೊಂಡ ಹಾಗೂ ಆಯಿತು. ಎರಡೂ ಒಟ್ಟಿಗೆ ಆದದ್ದರಿಂದ ಅಳಬೇಕೋ ಬೇಡವೋ ತಿಳಿಯಲಿಲ್ಲ.

ನೀಲಾ ಸೆರಗಿನಿಂದ ಮೂಗು ಒರೆಸಿಕೊಂಡಳು. ಕೊಬ್ಬರಿ ತುಂಡನ್ನು ಮತ್ತೆ ಕೈಗೆ ಎತ್ತಿಕೊಂಡು ಹಾಲಲ್ಲಿ ಅದ್ದಿದಳು. ‘ಅವ್ವನ ಪಾಲು’ ಎಂದು ಹನಿ ಬಿಟ್ಟಳು. ನಾಗಪ್ಪನನ್ನೇ ನೋಡುತ್ತ ಕೇಳಿದಳು:

‘ಈ ವರ್ಷದ್ದು ಹೇಳಂಗಿಲ್ಲೇನ?’

ಕಸ್ತೂರಿ ತಂಗಿಯನ್ನು ನೋಡಿದಳು. ಗಂಟಲಲ್ಲಿ ಯಾವ ಮಾತೂ ಬಂದು ನಿಲ್ಲಲಿಲ್ಲ. ಮುಚ್ಚಿಡುವುದು ಈಗ ಏನೂ ಇರಲಿಲ್ಲ. ಆಕೆ ಗೋಡೆಗೆ ಒರಗಿ ಕಾಲು ಚಾಚಿ ಕುಳಿತು, ಎಲ್ಲಿಯೂ ತಡೆಯದೆ ಹೇಳತೊಡಗಿದಳು.

‘ಅವ್ವ ಅವತ್ತ ಬಂದಾಕೀನ, ಕುಂದ್ರೂಕ್ಕಿಂತ ಮೊದಲ ನಿನ್ನ ಸುದ್ದಿನ ತಗದ್ಲು. ಆ ನೀಲಾಗ ಉಂಡಿ ಕಟ್ಟಾಕ ಬರಂಗಿಲ್ಲ, ಬೆಲ್ಲ ಸುರವಿಬಿಡ್ತಾಳ, ಗಂಡನ ಹಲ್ಲು ಹಾಳಾಗಿರಬೇಕು ಅಂದ್ಲು.’

ನೀಲಾ ನಕ್ಕಳು. ಕಣ್ಣಿಂದ ನೀರು ಇಳಿಯುತ್ತಿತ್ತು.

ಕಿವಿಯ ಹಿಂದೆ ಕಾಳು ಸುಮ್ಮನಿತ್ತು. ಅದಕ್ಕೆ ನೂಕಲು ಏನೂ ಸಿಗಲಿಲ್ಲ.

‘ಆಮ್ಯಾಲೇನಂದ್ಲು?’ ಎಂದಳು ನೀಲಾ.